ಅವರು ನಿಮಗೆ ಏನಾಗಬೇಕು?

ಜೂನ್ 3, ಮಂಗಳವಾರ

ಅತ್ತಿಗೆ ಸಂಜೆ ಮೇಲೆ ಬಂದಳು. ಕೈಯಲ್ಲಿ ಇನ್ನೂ ಬಿಸಿಯಾರದ ಬ್ರೆಡ್ಡು. ಎರಡನೇ ಮಹಡಿಯಿಂದ ನಾಲ್ಕನೇ ಮಹಡಿಗೆ ಅವಳು ಬರುವುದೇ ಅಪರೂಪ. ಅದರಲ್ಲೂ ಏನಾದರೂ ಹಿಡಿದುಕೊಂಡು ಬಂದರೆ ಹೇಳಬೇಕಾದ ಮಾತು ಕಹಿಯೆಂದೇ ಅರ್ಥ. ಕುಳಿತಳು, ಎದ್ದಳು, ನೆಟ್ಟಗೇ ಇದ್ದ ಪರದೆಯನ್ನು ಮತ್ತೆ ನೆಟ್ಟಗೆ ಮಾಡಿದಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಊರವರ ಕಣ್ಣು ಪರೀಕ್ಷೆ ಮಾಡುವವಳು ನನ್ನ ಕಣ್ಣನ್ನು ಮಾತ್ರ ತಪ್ಪಿಸುತ್ತಿದ್ದಳು.

"ಏಳು ವರ್ಷ ಆಯ್ತಲ್ಲ. ವಕೀಲರನ್ನ ನೋಡ್ಕೊಂಡು ಬಂದೆ."

"ಯಾತಕ್ಕೆ?"

"ಇಲ್ಲ ಅಂತ ಮಾಡಿಸೋದಕ್ಕೆ."

"ಯಾರು ಇಲ್ಲ ಅಂತ?"

ಇಬ್ಬರೂ ಬ್ರೆಡ್ಡನ್ನೇ ನೋಡುತ್ತ ಕುಳಿತೆವು.

ವಿಷಯ ಇಷ್ಟು. ಏಳು ವರ್ಷ ಸುದ್ದಿಯೇ ಇಲ್ಲದ ಮನುಷ್ಯ ಸತ್ತಿದ್ದಾನೆಂದು ಘೋಷಿಸಿ ಎಂದು ಕೋರ್ಟನ್ನು ಕೇಳಬಹುದಂತೆ. ಹೆಂಡತಿಯೊಬ್ಬಳು ಹೇಳಿದರೆ ಸಾಲದು, ಒಡಹುಟ್ಟಿದವರೂ ಬಂದು ತಮಗೆ ಯಾವ ಸುಳಿವೂ ಸಿಕ್ಕಿಲ್ಲವೆಂದು ಹೇಳಬೇಕಂತೆ. ಅಣ್ಣನಿಗೆ ಒಡಹುಟ್ಟಿದವಳು ನಾನೊಬ್ಬಳೇ. ಮೂಲೆ ಬೇಕರಿಯವನು ಅತ್ತಿಗೆಯನ್ನು ಮದುವೆಯಾಗಬೇಕೆಂದಿದ್ದಾನೆ. ಅದನ್ನು ಅವಳು ಹೇಳಲಿಲ್ಲ, ಬ್ರೆಡ್ಡು ಹೇಳಿತು.

"ಅಣ್ಣ ಇದ್ದಾನೆ," ಎಂದೆ.

"ಎಲ್ಲಿ?" ಎಂದಳು. ಜಗಳದ ದನಿಯಲ್ಲಲ್ಲ. ನಿಜವಾಗಿ ವಿಳಾಸ ಕೇಳುವವಳ ಹಾಗೆ.

ಜೂನ್ 4, ಬುಧವಾರ

ನಿದ್ದೆ ಬರಲಿಲ್ಲ. ಆದದ್ದನ್ನು ಬರೆದಿಡುತ್ತೇನೆ. ಅತ್ತಿಗೆಯ ವಕೀಲರು ತಿರುಚುವ ಮೊದಲು ನನ್ನ ಲೆಕ್ಕದಲ್ಲಿ ಅದು ಸರಿಯಾಗಿರಲಿ.

ಅಣ್ಣ ಲಿಫ್ಟ್ ರಿಪೇರಿಯವನು. ಆ ದಿನ ಮಧ್ಯಾಹ್ನ ಪೇಟೆಯ ಒಂದು ದೊಡ್ಡ ಕಟ್ಟಡದಲ್ಲಿ ಲಿಫ್ಟ್ ಸರಿ ಮಾಡಿದ. ಅದು ಓಡತೊಡಗಿತು. ಅವನ ಸಾಮಾನಿನ ಚೀಲ ಲಿಫ್ಟಿನ ಒಳಗೇ ಉಳಿಯಿತು. ಸಂಜೆಯವರೆಗೂ ಆ ಚೀಲ ಜನರ ಕಾಲಬುಡದಲ್ಲಿ ಮೇಲೆ ಕೆಳಗೆ ಓಡಾಡುತ್ತಿತ್ತಂತೆ. ಯಾವುದೋ ಮಹಡಿಯಲ್ಲಿ ಅವನಿದ್ದಾನೆ ಎಂದು ಎಲ್ಲರೂ ಅಂದುಕೊಂಡರು. ಯಾವ ಮಹಡಿಯಲ್ಲೂ ಇರಲಿಲ್ಲ. ಜಗಳವಿಲ್ಲ, ಕಾಯಿಲೆಯಿಲ್ಲ, ಬೇರೆ ಹೆಂಗಸಿಲ್ಲ. ಪೊಲೀಸರು ಎಲ್ಲವನ್ನೂ ಕೇಳಿದರು, ಕೇಳಬಾರದ್ದನ್ನೂ ಕೇಳಿದರು.

ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು "ಬರ್ತೀನಿ" ಎಂದಿದ್ದ. ಹೋಗುವಾಗ ಯಾರೂ "ಹೋಗ್ತೀನಿ" ಎನ್ನುವುದಿಲ್ಲವಲ್ಲ. ಬರುತ್ತೇನೆ ಎಂದವನು ಬರಬೇಕು. ಬರಬೇಕಾದರೆ ಇರಬೇಕು.

ಜೂನ್ 9, ಸೋಮವಾರ

ಈ ವರ್ಷ ನನಗೆ ಬೆಳಗಿನ ತರಗತಿ. ಇಷ್ಟು ಕಾಲ ಸಂಜೆ ಕಾಲೇಜಿನಲ್ಲಿ ಪಾಠ ಮಾಡಿ ದೀಪ ಹತ್ತಿದ ಮೇಲೆ ಮನೆಗೆ ಬರುತ್ತಿದ್ದವಳಿಗೆ ಸಂಜೆಯೆಂಬುದನ್ನು ಏನು ಮಾಡುವುದೆಂದೇ ತಿಳಿಯುತ್ತಿಲ್ಲ.

ಇವತ್ತು ತತ್ವಶಾಸ್ತ್ರದ ಪಾಠದಲ್ಲಿ ಗ್ರೀಕರನ್ನು ಆರಂಭಿಸಿದೆ. ಅವರಲ್ಲಿ ಒಬ್ಬ ಹಳಬ, ಸಮುದ್ರದ ಪಕ್ಕದ ಊರಿನವನು, ಅವನ ವಾದವನ್ನು ಬೋರ್ಡಿನ ಮೇಲೆ ಬಿಡಿಸಿಟ್ಟೆ. ಇರುವುದು ಮಾತ್ರ ಇದೆ. ಇಲ್ಲದ್ದನ್ನು ಯೋಚಿಸಲು ಹೋದರೆ ಯೋಚನೆಗೆ ಹಿಡಿಯಲು ಏನೂ ಸಿಗುವುದಿಲ್ಲ. ಇರುವುದು ಎಲ್ಲಿಂದ ಬಂತು? ಇಲ್ಲದ್ದರಿಂದ ಬರಲಾರದು. ಎಲ್ಲಿಗೆ ಹೋಗುತ್ತದೆ? ಇಲ್ಲದ್ದಕ್ಕೆ ಹೋಗಲಾರದು, ಹೋಗುವುದಕ್ಕೆ ಅದು ಒಂದು ಜಾಗವೇ ಅಲ್ಲ. ಆದ್ದರಿಂದ ಹುಟ್ಟಿಲ್ಲ, ಅಳಿವಿಲ್ಲ. ನಮಗೆ ಕಾಣುವ ಬರುವುದು ಹೋಗುವುದೆಲ್ಲ ಕಣ್ಣಿನ ಮಂಜು.

ಮುಂದಿನ ಬೆಂಚಿನ ಹುಡುಗಿ, ಸದಾ ಪೆನ್ನು ಕಚ್ಚುವವಳು, ಕೈಯೆತ್ತಿದಳು. "ಹಾಗಾದ್ರೆ ನಮ್ಮಜ್ಜಿ, ಮೇಡಂ? ಹೋದ ತಿಂಗಳು ತೀರ್ಕೊಂಡ್ರು."

ಕ್ಲಾಸು ನಕ್ಕಿತು. ನಾನು ನಗಲಿಲ್ಲ. "ನಿಮ್ಮಜ್ಜಿ ಇದ್ದಾರೆ," ಎಂದೆ.

ಬೆಲ್ಲು ಹೊಡೆದ ಮೇಲೂ ಅವಳು ನಿಂತಿದ್ದಳು. "ನಿಜವಾಗ್ಲೂನಾ ಮೇಡಂ?"

"ವಾದದಲ್ಲಿ ತಪ್ಪು ತೋರಿಸು ನೋಡೋಣ."

ಅವಳಿಗೆ ತೋರಿಸಲಾಗಲಿಲ್ಲ. ಎಷ್ಟೋ ದಿನಗಳ ಮೇಲೆ ಪಾಠ ಚೆನ್ನಾಗಿ ಆಯಿತು.

ಜೂನ್ 15, ಭಾನುವಾರ

ಬೇಕರಿಯವನು ರಸ್ತೆಯಲ್ಲಿ ಸಿಕ್ಕಿ "ನಮಸ್ಕಾರ ಮೇಡಂ" ಎಂದ. ಮೊಣಕೈವರೆಗೂ ಮೈದಾಹಿಟ್ಟು. ಕೆಟ್ಟವನಲ್ಲ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು.

ಜೂನ್ 26, ಗುರುವಾರ

ಇದನ್ನು ನಿಧಾನವಾಗಿ ಬರೆಯಬೇಕು.

ಸಂಜೆ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಗಾಳಿಗೆಂದು ಮುಂಬಾಗಿಲು ತೆಗೆದಿಟ್ಟಿದ್ದೆ. ಎದುರಿಗೇ ಲಿಫ್ಟು. ಅದು ಕೆಳಗಿನಿಂದ ಬರುವ ಸದ್ದಾಯಿತು. ನಮ್ಮ ಮಹಡಿಯಲ್ಲಿ ನಿಂತಿತು. ಬಾಗಿಲು ತೆರೆದುಕೊಂಡಿತು. ಒಳಗೆ ದೀಪ ಉರಿಯುತ್ತಿತ್ತು, ಯಾರೂ ಇರಲಿಲ್ಲ. ಯಾರೋ ಇಳಿಯುವಷ್ಟು ಹೊತ್ತು ಹಾಗೇ ನಿಂತಿದ್ದು ಬಾಗಿಲು ಮುಚ್ಚಿಕೊಂಡಿತು.

ಈ ಮಹಡಿಯಲ್ಲಿ ಇರುವುದು ನಾನೊಬ್ಬಳೇ. ಪಕ್ಕದ ಮನೆಗೆ ಬೀಗ. ಗುಂಡಿ ಒತ್ತಿದವರು ಯಾರು?

ಮಕ್ಕಳ ಕಿತಾಪತಿ ಇರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂತು. ಅಣ್ಣ ಕೆಲಸ ಮುಗಿಸಿ ಬರುತ್ತಿದ್ದ ಹೊತ್ತು ಅದು. ಮೊದಲು ನಾಲ್ಕನೇ ಮಹಡಿಗೆ ಬಂದು ಅಮ್ಮನನ್ನು ನೋಡಿ ಆಮೇಲೆ ತನ್ನ ಮನೆಗೆ ಇಳಿಯುತ್ತಿದ್ದ. ಅಮ್ಮ ಹೋದ ಮೇಲೂ ಆ ರೂಢಿ ಬಿಟ್ಟಿರಲಿಲ್ಲವೆಂದು ಅತ್ತಿಗೆ ಹೇಳುತ್ತಿದ್ದಳು. ಖಾಲಿ ಮನೆಯ ಬಾಗಿಲ ಬೀಗ ಎಳೆದು ನೋಡಿ ಇಳಿಯುತ್ತಿದ್ದನಂತೆ, ನಾನು ಕಾಲೇಜಿನಲ್ಲಿರುವಾಗ.

ಜೂನ್ 28, ಶನಿವಾರ

ಬಂತು. ಮೂರು ಸಲ.

ಜುಲೈ 2, ಬುಧವಾರ

ದಿನವೂ ಬರುತ್ತಿದೆ. ಲಿಫ್ಟು ಖಾಲಿ ಬಂತು ಎಂದು ಬರೆಯಹೊರಟು ಪೆನ್ನು ನಿಂತಿತು. ಖಾಲಿ ಎಂದರೆ ಏನು? ಒಳಗೆ ಇಲ್ಲದ್ದು ಇತ್ತು ಎಂದು ತಾನೆ? ಇಲ್ಲದ್ದು ಇರುವುದು ಹೇಗೆ? ನನ್ನ ಹಳಬ ಇದನ್ನು ಒಪ್ಪುವುದಿಲ್ಲ. ಖಾಲಿಯೂ ಒಂದು ಬಗೆಯಲ್ಲಿ ಉಂಟು, ಅದಿಲ್ಲದೆ ಯಾವುದೂ ಅಲುಗಾಡಲಾರದು ಎಂದವರು ಆಮೇಲೆ ಬಂದರು. ಅವರ ಪಾಠ ಮುಂದಿನ ತಿಂಗಳು. ಮಾಡುವ ಮನಸ್ಸಿಲ್ಲ.

ಬಾಗಿಲು ತೆರೆದಾಗ ಇವತ್ತು "ಬಂದ್ಯಾ?" ಎಂದೆ. ತಾನಾಗಿ ಬಾಯಿಗೆ ಬಂತು.

ಜುಲೈ 7, ಸೋಮವಾರ

ಪೆನ್ನು ಕಚ್ಚುವ ಹುಡುಗಿಯ ತಾಯಿ ಕಾಲೇಜಿಗೆ ಬಂದಿದ್ದರು. ಕೂಗಾಡಲಿಲ್ಲ. ಸ್ಟಾಫ್ ರೂಮಿನ ಹೊರಗೆ ಕೈಚೀಲವನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು.

"ನಮ್ಮ ಮಗಳು ದಿನಾ ಅಜ್ಜಿ ಹಾಸಿಗೆ ಹಾಸ್ತಾಳೆ. ಅಜ್ಜಿ ಇದ್ದಾರೆ, ಮೇಡಂ ಸಾಬೀತು ಮಾಡಿ ತೋರಿಸಿದ್ದಾರೆ ಅಂತಾಳೆ. ಹೋದೋಳು ನಮ್ಮಮ್ಮ. ಅಳೋದಕ್ಕೂ ಬಿಡ್ತಿಲ್ಲ ಅವಳು ನನ್ನ."

ಅದು ಬರೀ ವಾದ, ಪರೀಕ್ಷೆಗೆ ಬರುವಂಥದ್ದು ಎಂದೇನೋ ಹೇಳಿದೆ.

"ನೀವು ನಂಬ್ತೀರಾ ಅದನ್ನ?" ಎಂದು ಕೇಳಿದರು.

ಗಂಟೆಯಾಯಿತು, ತರಗತಿಯಿದೆ ಎಂದು ಹೊರಟುಬಂದೆ. ತರಗತಿ ಇರಲಿಲ್ಲ.

ಜುಲೈ 11, ಶುಕ್ರವಾರ

ಕಾಲೇಜಿಗೆ ಹೋಗಲಿಲ್ಲ. ನಿನ್ನೆಯೂ ಇಲ್ಲ. ಬೆಳಗಿನಿಂದ ಸಂಜೆಯಾಗುವುದನ್ನೇ ಕಾದೆ. ಲಿಫ್ಟಿನ ಎದುರು ಕುರ್ಚಿ ಹಾಕಿಕೊಂಡೆವು. ಚಹಾ ಮಾಡಿ ಎರಡು ಲೋಟಕ್ಕೆ ಬಗ್ಗಿಸಿದೆ. ಮೊದಲಿನಿಂದಲೂ ನಮಗೆ ಹೆಚ್ಚು ಮಾತು ಬೇಕಿರಲಿಲ್ಲ. ಅವನು ಲಿಫ್ಟಿನ ತಂತಿಗಳ ಸದ್ದು ಕೇಳಿಯೇ ಯಾವುದಕ್ಕೆ ಎಣ್ಣೆ ಬೇಕೆಂದು ಹೇಳುವವನು, ನಾನು ಸತ್ತ ಭಾಷೆಯಲ್ಲಿ ವಾದ ಮಾಡುವವಳು, ಅಮ್ಮ ನಮ್ಮಿಬ್ಬರನ್ನೂ "ಕಿವುಡ, ಮೂಗಿ" ಎಂದು ನಗುತ್ತಿದ್ದಳು.

ಮೇಲಿನ ಮನೆಯ ನಿವೃತ್ತ ಗುಮಾಸ್ತರು ಮೆಟ್ಟಿಲಿಳಿದು ಬಂದು ಕುರ್ಚಿ ನೋಡಿದರು, ಎರಡು ಲೋಟ ನೋಡಿದರು. "ಯಾರಾದ್ರೂ ಬರೋರಿದ್ದಾರಾ?" ಎಂದರು.

"ಬಂದಿದ್ದಾರೆ," ಎಂದೆ.

ಅವರು ಲಿಫ್ಟ್ ಹತ್ತದೆ ಮೆಟ್ಟಿಲಿನಲ್ಲೇ ಕೆಳಗೆ ಹೋದರು.

ಜುಲೈ 12, ಶನಿವಾರ

ಇವತ್ತು ಒಳಗೆ ಹೋಗಿ ನಿಂತೆ. ಬಾಗಿಲು ಮುಚ್ಚಿತು. ಯಾವ ಗುಂಡಿಯನ್ನೂ ಒತ್ತಲಿಲ್ಲ. ಅದೂ ಹೊರಡಲಿಲ್ಲ. ಗೋಡೆಯ ಕನ್ನಡಿಯಲ್ಲಿ ಒಬ್ಬಳು ಮುದುಕಿ ನಿಂತಿದ್ದಳು, ಕೂದಲು ಬಾಚಿರಲಿಲ್ಲ. ಅಲ್ಲಿ ತಣ್ಣಗಿತ್ತು. ಚೆನ್ನಾಗಿತ್ತು. ಹುಟ್ಟಿಲ್ಲ, ಅಳಿವಿಲ್ಲ, ಅಲುಗಾಟವಿಲ್ಲ, ಹಳಬ ಹೇಳಿದ್ದ ಜಾಗ ಇದೇ ಎನಿಸಿತು. ಯಾರೋ ಎರಡನೇ ಮಹಡಿಯಿಂದ ಕರೆದರು, ಅದು ನನ್ನನ್ನು ಹೊತ್ತು ಇಳಿಯಿತು. ಬಾಗಿಲು ತೆರೆದಾಗ ಅತ್ತಿಗೆ ನಿಂತಿದ್ದಳು. ಕಿರುಚಿಕೊಂಡು ಗೋಡೆಗೆ ಒರಗಿದಳು.

"ನೀನಾ!" ಎಂದಳು ಆಮೇಲೆ. "ದೇವರೇ, ನಾನು ಒಂದು ಕ್ಷಣ..."

ಯಾರೆಂದುಕೊಂಡಳೆಂದು ಹೇಳಲಿಲ್ಲ.

ಜುಲೈ 20, ಭಾನುವಾರ

ವಕೀಲರು ಬಂದಿದ್ದರು. ಕೋರ್ಟಿನಲ್ಲಿ ಏನು ಕೇಳುತ್ತಾರೆಂದು ಹೇಳಿಕೊಟ್ಟರು. ಯಾವುದೇ ಸುಳಿವು ಸಿಕ್ಕಿದೆಯೇ ಎಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು ಎಂದರು. ಇದ್ದದ್ದು ಇದ್ದ ಹಾಗೆ! ಎಂಥ ಮಾತನ್ನು ಎಷ್ಟು ಸಲೀಸಾಗಿ ಆಡಿಬಿಡುತ್ತಾರೆ ಜನ.

ಅವರು ಹೋದ ಮೇಲೆ ಅತ್ತಿಗೆಗೆ ಹೇಳಿದೆ. "ಅಣ್ಣ ಬರ್ತಿದ್ದಾನೆ. ದಿನಾ ಸಂಜೆ. ನಾನು ಕೋರ್ಟಿನಲ್ಲಿ ಸುಳ್ಳು ಹೇಳೋದಿಲ್ಲ."

ಅವಳು ತಟ್ಟನೆ ನನ್ನ ಕಡೆ ತಿರುಗಿದಳು. "ಎಲ್ಲಿಗೆ ಬರ್ತಿದ್ದಾರೆ?"

"ನಾಲ್ಕನೇ ಮಹಡಿಗೆ."

"ನಿನ್ನ ಹತ್ರ ಬರ್ತಾರೆ. ಎರಡು ಮಹಡಿ ಕೆಳಗೆ ನಾನಿದ್ದೀನಿ, ನನ್ನ ಹತ್ರ ಬರಲ್ಲ ಅಲ್ವಾ?" ಎಂದಳು. ಆಮೇಲೆ, "ನಾಳೆ ನಾನೂ ಬರ್ತೀನಿ. ನೋಡ್ತೀನಿ," ಎಂದಳು.

ಜುಲೈ 21, ಸೋಮವಾರ

ಅಂಗಡಿಯಿಂದ ಬೇಗ ಬಂದಳು. ಕುರ್ಚಿ ಬೇಡವೆಂದು ನೆಲದ ಮೇಲೇ ಕುಳಿತಳು, ನಾನೂ ಪಕ್ಕದಲ್ಲಿ ಕುಳಿತೆ. ಬೆಳಕು ಮೆಟ್ಟಿಲ ಕಿಟಕಿಯಿಂದ ಮೆಲ್ಲಗೆ ಇಳಿಯುತ್ತಿತ್ತು. ಅವಳ ಕೈ ನನ್ನ ಕೈಯನ್ನು ಹುಡುಕಿಕೊಂಡು ಬಂತು.

ಕೆಳಗೆ ಯಾರೋ ಇಳಿದ ಸದ್ದು, ಗೇಟಿನ ಸದ್ದು. ಆಮೇಲೆ ತಂತಿ ಮಿಡಿಯಿತು. ಲಿಫ್ಟು ಬಂತು, ನಿಂತಿತು, ತೆರೆಯಿತು.

ಅತ್ತಿಗೆ ಒಳಗಿನ ಬೆಳಕನ್ನೇ ನೋಡಿದಳು. ಬಾಗಿಲು ಮುಚ್ಚಿಕೊಳ್ಳುವವರೆಗೂ ನೋಡಿದಳು. ನಂತರ ಅವಳ ಗಂಟಲಿನಿಂದ ಬಂದದ್ದು ನಗುವೋ ಅಳುವೋ ನನಗೆ ಈಗಲೂ ತಿಳಿಯದು.

"ಇದಾ?" ಎಂದಳು. "ನಿನಗೆ ಗೊತ್ತಿಲ್ವಾ? ಇದು ಅವರೇ ಇಟ್ಟಿದ್ದು ಕಣೆ. ಯಾರೂ ಕರೀದೇ ಇದ್ರೆ ನಾಲ್ಕನೇ ಮಹಡಿಗೆ ಬಂದು ನಿಲ್ಲೋ ಹಾಗೆ. ನಿನ್ನ ಮೊಣಕಾಲು ಊದಿಕೊಂಡಿತ್ತಲ್ಲ ಆ ವರ್ಷ, ಆಗ ಮಾಡಿದ್ದು. ಕೆಳಗಿನ ಮನೆಯೋರು ಲಿಫ್ಟು ಯಾವಾಗ್ಲೂ ಮೇಲೇ ಇರತ್ತೆ ಅಂತ ಎಷ್ಟು ಜಗಳ ಆಡಿದ್ರು! ಮಷಿನ್ನೇ ಹಾಗೆ, ನಾನೇನು ಮಾಡ್ಲಿ ಅಂತ ಸುಳ್ಳು ಹೇಳ್ತಿದ್ರು."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನ್ಯಾಯ ಮಾತಾಡ್ತಿದ್ದೆ. ತೆಗೆಸ್ತಿದ್ದೆ."

ನಿಜ. ತೆಗೆಸುತ್ತಿದ್ದೆ. ಬೆಳಿಗ್ಗೆ ಬಾಗಿಲು ತೆರೆದಾಗಲೆಲ್ಲ ಲಿಫ್ಟು ಕಾದು ನಿಂತಿರುತ್ತಿತ್ತು, ನನ್ನ ಅದೃಷ್ಟವೆಂದುಕೊಳ್ಳುತ್ತಿದ್ದೆ. ಇಷ್ಟು ವರ್ಷ.

ಅತ್ತಿಗೆ ಎದ್ದು ಲಿಫ್ಟಿನ ಮುಚ್ಚಿದ ಬಾಗಿಲಿಗೆ ಅಂಗೈ ಒತ್ತಿ ನಿಂತಳು. "ಎರಡನೇ ಮಹಡಿಗೆ ಒಂದು ಸಲಾನೂ ಹಾಗೆ ಇಡ್ಲಿಲ್ಲ ನೋಡು," ಎಂದಳು. ತಮಾಷೆಗೇ ಹೇಳಿದಳು. ಆದರೆ ಕೈ ತೆಗೆಯಲಿಲ್ಲ.

ಜುಲೈ 22, ಮಂಗಳವಾರ

ಬಂತು. ಮನೆಯೊಳಗೆ ಕುಳಿತು ಸದ್ದು ಕೇಳಿದೆ. ಹೊರಗೆ ಹೋಗಲಿಲ್ಲ.

ಭಯ ಹೋಗಬೇಕಿತ್ತು. ಹೆಚ್ಚಾಗಿದೆ. ಮೊದಲು ಅವನು ಬರುತ್ತಿದ್ದ. ಈಗ ಬರುತ್ತಿರುವುದು ಅವನ ಅಕ್ಕರೆ, ಅವನನ್ನು ಬಿಟ್ಟು.

ಜುಲೈ 30, ಬುಧವಾರ

ಕಾಲೇಜಿಗೆ ಹೋಗುತ್ತಿದ್ದೇನೆ. "ಇರುವುದು" ಎಂಬ ಮಾತನ್ನು ಒಂದೇ ಅರ್ಥದಲ್ಲಿ ಆಡುವುದಿಲ್ಲ, ಹಲವು ಬಗೆಯಲ್ಲಿ ಆಡುತ್ತೇವೆ ಎಂದು ಹಳಬನಿಗೆ ಉತ್ತರ ಕೊಟ್ಟ ಇನ್ನೊಬ್ಬ ಗ್ರೀಕನ ಪಾಠ. ಮನುಷ್ಯ ಇರುವ ಬಗೆ ಬೇರೆ, ಅವನ ಎತ್ತರ ಇರುವ ಬಗೆ ಬೇರೆ, ಅವನು ಮಾಡಿದ್ದು ಇರುವ ಬಗೆ ಬೇರೆ. ಕೊನೆಯದು ಅವನ ಪಟ್ಟಿಯಲ್ಲಿ ಹೀಗೆಯೇ ಇದೆಯೋ ನಾನು ಸೇರಿಸಿದೆನೋ, ಮನೆಗೆ ಬಂದ ಮೇಲೆ ಅನುಮಾನವಾಯಿತು.

ಪೆನ್ನು ಕಚ್ಚುವ ಹುಡುಗಿ ಹಿಂದಿನ ಬೆಂಚಿಗೆ ಹೋಗಿದ್ದಾಳೆ. ತರಗತಿ ಮುಗಿದ ಮೇಲೆ ಅವಳ ಬಳಿಗೆ ನಾನೇ ಹೋದೆ. "ಅಜ್ಜಿ ಹಾಸಿಗೆ ಮಡಚಿಡು," ಎಂದೆ. "ಅಮ್ಮನ ಜೊತೆ ಸೇರಿ ಮಡಚು."

"ಅಂದ್ರೆ ವಾದ ತಪ್ಪಾ ಮೇಡಂ?"

"ತಪ್ಪು ಎಲ್ಲಿದೆ ಅಂತ ನನಗಿನ್ನೂ ಸಿಕ್ಕಿಲ್ಲ. ನೀನು ಮಡಚು."

ಅವಳು ಅತ್ತಳು. ಕಾರಿಡಾರಿನಲ್ಲಿ, ಎಲ್ಲರೆದುರು.

ಆಗಸ್ಟ್ 5, ಮಂಗಳವಾರ

ಕೋರ್ಟು ಅಂದುಕೊಂಡದ್ದಕ್ಕಿಂತ ಚಿಕ್ಕದು. ಒಂದು ಫ್ಯಾನು, ಒಂದು ಟೈಪು ಮಾಡುವ ಹೆಂಗಸು, ನೆಗಡಿ ಹಿಡಿದ ನ್ಯಾಯಾಧೀಶರು. ಬೇಕರಿಯವನು ಹೊರಗೇ ನಿಂತಿದ್ದ. ಒಳಗೆ ಬರಬಹುದೆಂದು ಯಾರೋ ಹೇಳಿದರೂ ಬರಲಿಲ್ಲ. ಅದು ಅವನ ಮರ್ಯಾದೆ.

"ಕಾಣೆಯಾದವರು ನಿಮಗೆ ಏನಾಗಬೇಕು?" ಎಂದು ಕೇಳಿದರು.

"ಅಣ್ಣ," ಎಂದೆ.

ಎಷ್ಟು ಸಾವಿರ ಸಲ ಕೇಳಿದ ಪ್ರಶ್ನೆ ಅದು. ಏನಾಗಬೇಕು. ನೆಂಟಸ್ತಿಕೆಯನ್ನು ಕೇಳುವಾಗ ನಾವು ಆಗಿರುವುದನ್ನಲ್ಲ, ಆಗಬೇಕಾದ್ದನ್ನು ಕೇಳುತ್ತೇವೆ. ನನ್ನ ಉತ್ತರದಲ್ಲೋ "ಇದ್ದಾನೆ"ಯೂ ಇರಲಿಲ್ಲ, "ಇದ್ದ" ಎಂಬುದೂ ಇರಲಿಲ್ಲ. ಅವನು ನನ್ನ ಅಣ್ಣ. ಕ್ರಿಯಾಪದವೇ ಬೇಡದ ವಾಕ್ಯ. ಅಲ್ಲೇ ನಿಲ್ಲಿಸಿದ್ದರೆ ಆಗುತ್ತಿತ್ತು. ಕೋರ್ಟು ಅಲ್ಲಿ ನಿಲ್ಲುವುದಿಲ್ಲ.

"ಏಳು ವರ್ಷದಲ್ಲಿ ಪತ್ರ, ಫೋನು, ಯಾರ ಮೂಲಕವಾದ್ರೂ ಸುದ್ದಿ, ಅವರು ಬದುಕಿದ್ದಾರೆ ಅನ್ನೋದಕ್ಕೆ ಯಾವುದಾದ್ರೂ ಸುಳಿವು?"

ಅತ್ತಿಗೆ ತನ್ನ ಕೈಗಳನ್ನೇ ನೋಡುತ್ತಿದ್ದಳು. ನಿನ್ನೆಯಿಂದ ಒಂದು ಮಾತೂ ನನಗೆ ಹೇಳಿರಲಿಲ್ಲ, ಹೀಗೆ ಹೇಳು ಎಂದೂ ಇಲ್ಲ, ಹಾಗೆ ಹೇಳಬೇಡ ಎಂದೂ ಇಲ್ಲ.

"ಇಲ್ಲ," ಎಂದೆ.

ಟೈಪಿನವಳು ತಲೆಯೆತ್ತಿದಳು. "ಕೇಳಿಸ್ಲಿಲ್ಲ ಮೇಡಂ. ಸ್ವಲ್ಪ ಜೋರಾಗಿ."

"ಇಲ್ಲ."

ಅಷ್ಟೆ. ಗೋಡೆ ಬಿರಿಯಲಿಲ್ಲ. ಫ್ಯಾನು ತಿರುಗುತ್ತಿತ್ತು, ನ್ಯಾಯಾಧೀಶರು ಸೀನಿದರು. ಟೈಪಿನ ಯಂತ್ರ ಆ ಎರಡಕ್ಷರವನ್ನು ಉಳಿದೆಲ್ಲ ಅಕ್ಷರಗಳ ಸದ್ದಿನಲ್ಲೇ ಹೊಡೆಯಿತು.

ಹೊರಗೆ ಬಂದ ಮೇಲೆ ಅತ್ತಿಗೆ ನನ್ನ ಹೆಗಲಿಗೆ ಮುಖ ಒತ್ತಿಕೊಂಡು ಬಹಳ ಹೊತ್ತು ನಿಂತಳು. ಅವಳ ಕೂದಲಿನಲ್ಲಿ ಬೇಕರಿಯ ವಾಸನೆಯಿತ್ತು. ಅವಳನ್ನು ತಳ್ಳಬೇಕೆನಿಸಲಿಲ್ಲ.

ಆಗಸ್ಟ್ 6, ಬುಧವಾರ

ಬಂತು. ಬಾಗಿಲು ತೆರೆಯಿತು. ಮುಚ್ಚಿತು.

ಆಗಸ್ಟ್ 24, ಭಾನುವಾರ

ಶುಕ್ರವಾರ ಕೋರ್ಟಿನ ಆದೇಶ ಕೈಗೆ ಬಂತು. ಇವತ್ತು ಅಣ್ಣನ ಬಟ್ಟೆ ವಿಂಗಡಿಸಿದೆವು. ಅವನು ನೀಲಿ ಅಂಗಿಗಳನ್ನೇ ಕೊಳ್ಳುತ್ತಿದ್ದ, ಎಣ್ಣೆಯ ಕಲೆ ಕಾಣುವುದಿಲ್ಲವೆಂದು. ಎಲ್ಲದರಲ್ಲೂ ಕಲೆ ಕಾಣುತ್ತಿತ್ತು. ಅವನಿಗೆ ಬಣ್ಣದ ಜ್ಞಾನವೇ ಇರಲಿಲ್ಲ. ಇಬ್ಬರೂ ನಕ್ಕೆವು.

"ಇನ್ಮೇಲೆ ನಿನ್ನನ್ನ ಏನಂತ ಕರೀಲಿ?" ಎಂದು ಕೇಳಿದೆ.

"ಅತ್ತಿಗೆ ಅಂತಲೇ ಕರಿ. ಹೊಸದಾಗಿ ಯಾರು ಕಲೀತಾರೆ," ಎಂದಳು.

ಸೆಪ್ಟೆಂಬರ್ 15, ಸೋಮವಾರ

ಮದುವೆಯಾಯಿತು. ನೋಂದಣಿ ಕಚೇರಿಯಲ್ಲಿ, ಹತ್ತು ಜನ. ಬೇಕರಿಯವನು ತನ್ನ ಕೇಕನ್ನು ತಾನೇ ಮಾಡಿದ್ದ. ಒಂದು ಕಡೆ ಸ್ವಲ್ಪ ಕುಸಿದಿತ್ತು. ಅದನ್ನು ಮುಚ್ಚಲು ಅವನು ಪಟ್ಟ ಪಾಡು ನೋಡಿ ಅತ್ತಿಗೆ ನಕ್ಕಳು. ಅವಳು ಹಾಗೆ ಬಾಯಿತುಂಬ ನಗುವುದನ್ನು ಅಣ್ಣ ಇದ್ದ ಕಾಲದಲ್ಲಿ ನೋಡಿದ್ದೆ.

ಎರಡನೇ ಮಹಡಿಗೆ ಬೀಗ.

ಸೆಪ್ಟೆಂಬರ್ 25, ಗುರುವಾರ

ಚಪ್ಪಲಿಯ ಬಾರು ಕಿತ್ತುಹೋಗಿತ್ತು. ಕಾಲೇಜಿನಿಂದ ಬರುವಾಗ ಸೇತುವೆಯ ಬಳಿ ಹೊಲಿಯಲು ಕೊಟ್ಟು, ಒಂಟಿ ಕಾಲಿನ ಕೊಕ್ಕರೆಯ ಹಾಗೆ ಕಂಬಿ ಹಿಡಿದು ನಿಂತಿದ್ದೆ. ಎದುರುಗಡೆ ಬಸ್ ನಿಲ್ದಾಣ. ಅಲ್ಲಿ ಒಬ್ಬ ನನಗೆ ಬೆನ್ನು ಮಾಡಿ ನಿಂತಿದ್ದ. ಐವತ್ತು ದಾಟಿದವನು, ಕತ್ತಿನ ಮೇಲೆ ಬಿಳಿ ಕೂದಲು. ಕಿವಿ ನಮ್ಮ ಅಪ್ಪನ ಕಿವಿ, ಮೇಲ್ತುದಿ ಒಳಕ್ಕೆ ಮಡಚಿದ್ದು. ಅಣ್ಣನಿಗೂ ನನಗೂ ಹಾಗೇ, ನಾನು ಕೂದಲಿನಲ್ಲಿ ಮುಚ್ಚಿಕೊಂಡಿರುತ್ತೇನೆ. ಆ ಮಡಿಕೆಯನ್ನು ಬೇರೆ ಮನೆಯವರಲ್ಲಿ ನಾನು ನೋಡಿಲ್ಲ.

ಅವನು ಕಿವಿಯ ಹಿಂದೆ ಕೆರೆದುಕೊಂಡ. ತಲೆ ಅರ್ಧ ತಿರುಗಿತು. ಸಿಗ್ನಲ್ಲಿನಲ್ಲಿ ದಾಟುವವರ ದೀಪ ಹಸಿರಾಗಿತ್ತು, ಜನ ದಾಟುತ್ತಿದ್ದರು.

"ಇನ್ನೊಂದು ಹೊಲಿಗೆ ಹಾಕ್ಲಾ ಅಮ್ಮಾ?" ಎಂದ ಚಮ್ಮಾರ.

"ಹಾಕಿಬಿಡಿ," ಎಂದೆ.

ಬಸ್ಸು ಬಂದು ನಡುವೆ ನಿಂತಿತು. ಹೊರಟುಹೋದ ಮೇಲೆ ನಿಲ್ದಾಣದಲ್ಲಿ ಅವನಿರಲಿಲ್ಲ.

ಯಾರೋ ಇರಬೇಕು.

ಬಾರು ಗಟ್ಟಿಯಾಗಿ ಕೂತಿದೆ. ಮನೆಯವರೆಗೂ ನಡೆದೇ ಬಂದೆ.